ಮಷೀನಿನಲ್ಲಿ ಇಲ್ಲದ ಸ್ಟಾಪು

ಇಲ್ಲದ ಜಾಗದಲ್ಲಿ ನೀವು ಎಂದಾದರೂ ಬಸ್ಸಿನಿಂದ ಇಳಿದಿದ್ದೀರಾ? ಇಳಿದಿರಲಿಕ್ಕಿಲ್ಲ, ಅದಕ್ಕೆ ಧೈರ್ಯ ಬೇಕು. ನಾನು ಇಳಿದಿದ್ದೇನೆ. ಮದುವೆಯಾಗಿ ಈ ಊರಿಗೆ ಬಂದ ದಿನದಿಂದ ಅಲ್ಲೇ ಹತ್ತಿ ಅಲ್ಲೇ ಇಳಿದು ನನ್ನ ಮೊಣಕಾಲುಗಳು ಸವೆದಿವೆ. ಬಾಣಂತನಕ್ಕೆ ತವರಿಗೆ ಹೋಗುವಾಗ ಅಲ್ಲೇ ಹತ್ತಿದೆ, ಕೂಸನ್ನು ಎತ್ತಿಕೊಂಡು ಅಲ್ಲೇ ಇಳಿದೆ. ಆ ಕೂಸಿನ ತಲೆ ಈಗ ನರೆತಿದೆ. ಇಷ್ಟೆಲ್ಲ ಆದ ಮೇಲೆ ಬಸ್ಸಿನ ಕಚೇರಿಯ ಸಾಹೇಬರೊಬ್ಬರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, ಅಂಥ ಜಾಗವೇ ಇಲ್ಲ ಎಂದರು.

ಇದನ್ನು ಫೋನಿನಲ್ಲಿ ಒಂದೇ ಬೆರಳಿನಿಂದ ಬರೆಯುತ್ತಿದ್ದೇನೆ. ಒತ್ತಕ್ಷರ ಸಿಗುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುತ್ತದೆ. ಉಕ್ಕಲಿ. ಸಿಟ್ಟು ಆರುವ ಮೊದಲು ಬರೆದು ಮುಗಿಸಬೇಕು.

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಕೆಳಗೆ ಕಾಲುವೆಯೊಂದು ಹಾದುಹೋಗುತ್ತದೆ. ಅಲ್ಲಿ ನೀರು ಬಿಡುವ ಒಂದು ಕಬ್ಬಿಣದ ಗೇಟು. ಗೇಟಿನ ಪಕ್ಕದಿಂದ ನಮ್ಮ ಊರಿಗೆ ಕಚ್ಚಾ ದಾರಿ. ನಾನು ಹೊಸದಾಗಿ ಬಂದಾಗ ಕಾಲುವೆಗೆ ಇನ್ನೂ ಮಣ್ಣು ತೋಡುತ್ತಿದ್ದರು. ನಮ್ಮ ಮನೆಯವರೂ ಬುಟ್ಟಿ ಹೊತ್ತವರೇ. ನೀರು ಬಂತು, ಜೋಳದ ಹೊಲದಲ್ಲಿ ಭತ್ತ ಬಂತು, ಗೇಟು ಕೂತಿತು. ಆಗಿನಿಂದ ಬಸ್ಸಿನವರ ಬಾಯಲ್ಲಿ ಆ ಜಾಗದ ಹೆಸರು ಗೇಟು. ಕಂಡಕ್ಟರು ಟಿಕೆಟನ್ನು ಮುಂದಿನ ಊರಿಗೆ ಹರಿದು ಕೊಟ್ಟು, ಗೇಟಿನವರು ಬಾಗಿಲಿಗೆ ಬನ್ನಿ ಎಂದು ಕೂಗಿ, ನಮ್ಮನ್ನು ಇಲ್ಲಿ ಇಳಿಸುತ್ತಿದ್ದ. ಯಾರಾದರೂ ದವಾಖಾನೆಯಲ್ಲಿ ಮಲಗಿದ್ದರೆ ರೊಟ್ಟಿಯ ಗಂಟನ್ನು ಅವನ ಕೈಗೇ ಕೊಡುತ್ತಿದ್ದೆವು. ಒಮ್ಮೆ ನಾನು ಹತ್ತುವುದು ತಡವಾದಾಗ, ನಮ್ಮ ಅತ್ತೆ ನಡುರಸ್ತೆಯಲ್ಲಿ ನಿಂತು ಡ್ರೈವರನೊಂದಿಗೆ ಮಳೆಯ ಮಾತು ತೆಗೆದು ಬಸ್ಸನ್ನು ಹಿಡಿದಿಟ್ಟಿದ್ದರು. ಆ ಬಸ್ಸಿನಲ್ಲಿದ್ದ ಯಾರಿಗೂ ಸಿಟ್ಟು ಬಂದಿರಲಿಲ್ಲ. ಬಂದಿದ್ದರೂ ಅತ್ತೆಯ ಎದುರು ಯಾರು ತೋರಿಸುತ್ತಾರೆ?

ನಂತರ ಕಂಡಕ್ಟರನ ಕೈಗೆ ಮಷೀನು ಬಂತು. ಒತ್ತಿದರೆ ಚೀಟಿ ಉಗುಳುತ್ತದೆ. ಅದರಿಂದ ನಮಗೇನೂ ತೊಂದರೆಯಾಗಲಿಲ್ಲ. ಮಷೀನಿನಲ್ಲಿ ಮುಂದಿನ ಊರಿನ ಚೀಟಿ ಬರುತ್ತಿತ್ತು, ಬಸ್ಸು ಗೇಟಿನಲ್ಲಿ ನಿಲ್ಲುತ್ತಿತ್ತು. ಅದಾದ ಮೇಲೆ ಬಸ್ಸಿನೊಳಗೆ ಇನ್ನೊಂದು ಮಷೀನು ಕೂತಿತು. ಬಸ್ಸು ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು ಎಂಬುದು ಕಚೇರಿಯಲ್ಲಿ ಕೂತವರಿಗೆ ಕಾಣುತ್ತದೆ. ಮಷೀನಿಗೆ ಗೊತ್ತಿರುವ ಸ್ಟಾಪಿನಲ್ಲಿ ಅಲ್ಲದೆ ಬೇರೆ ಕಡೆ ನಿಂತರೆ ಡ್ರೈವರನಿಗೆ ನೋಟೀಸು. ಆ ವಾರದಿಂದ ಬಸ್ಸು ನಮ್ಮ ಕಣ್ಣೆದುರೇ ಹಾದುಹೋಗತೊಡಗಿತು. ಹೆಂಗಸರಿಗೆ ಪುಕ್ಕಟೆ ಆಯಿತಲ್ಲ, ಅದಕ್ಕೇ ನಿಲ್ಲಿಸುವುದಿಲ್ಲ ಎಂದು ಕಟ್ಟೆಯ ಮೇಲಿನ ಗಂಡಸರು ಅಂದರು. ಸುಳ್ಳು. ಅವರು ಕೈ ಮಾಡಿದಾಗಲೂ ನಿಲ್ಲಿಸಲಿಲ್ಲ.

ಇದರಲ್ಲಿ ಹೆಚ್ಚು ಪೆಟ್ಟು ತಿಂದವಳು ನನ್ನ ಸೊಸೆ. ಅವಳು ಶಹಾಪುರದ ಒಂದು ದವಾಖಾನೆಯಲ್ಲಿ ಹೆರಿಗೆ ವಾರ್ಡಿನ ಆಯಾ, ಗುತ್ತಿಗೆ ಕೆಲಸ. ಮಗ ಭತ್ತ ಕೊಯ್ಯುವ ಮಷೀನಿನ ಹಿಂದೆ ಊರೂರು ತಿರುಗುವವನು, ಸುಗ್ಗಿಯಲ್ಲಿ ಮನೆಗೆ ಬರುವುದೇ ಅಪರೂಪ. ಈ ಕೆಲಸ ಸಿಗುವ ಮೊದಲು ಸೊಸೆ ಮಂದಿಯ ಗದ್ದೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ನಾಟಿ ಹಾಕುತ್ತಿದ್ದಳು, ಕಳೆ ಕೀಳುತ್ತಿದ್ದಳು. ಬೆರಳ ಸಂದಿನ ಹುಣ್ಣು ಮಾಯುವುದರೊಳಗೆ ಇನ್ನೊಂದು ಗದ್ದೆ. ಈಗ ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋಗುತ್ತಾಳೆ. ಹೆರಿಗೆಗೆ ಬಂದ ಹೆಣ್ಣುಮಕ್ಕಳು ಅವಳ ಕೈ ಹಿಡಿದುಕೊಂಡು ಬಿಡುವುದಿಲ್ಲವಂತೆ. ಸಂಜೆ ಬಂದು ಒಲೆಯ ಮುಂದೆ ಕೂತು, ಇವತ್ತು ಹುಟ್ಟಿದ ಕೂಸು ಹೀಗಿತ್ತು, ಅತ್ತದ್ದು ಹಾಗಿತ್ತು ಎಂದು ಹೇಳುತ್ತಾಳೆ. ಅವಳು ಹೇಳದ ದಿನ ನನಗೆ ಊಟ ರುಚಿಸುವುದಿಲ್ಲ.

ಆ ದವಾಖಾನೆಯಲ್ಲೂ ಒಂದು ಮಷೀನು. ಬಾಗಿಲಲ್ಲಿ ಮುಖ ತೋರಿಸಬೇಕು, ಆಗ ಹಾಜರಿ. ಹೊತ್ತಿಗೆ ಸರಿಯಾಗಿ ಹೋದರೆ ಥ್ಯಾಂಕ್ ಯೂ ಅನ್ನುತ್ತದೆ. ತಡವಾಗಿ ಹೋದರೂ ಅದೇ ಬಾಯಿಂದ ಥ್ಯಾಂಕ್ ಯೂ ಅಂದು, ಒಳಗಿಂದೊಳಗೆ ತಡ ಎಂದು ಬರೆದುಕೊಳ್ಳುತ್ತದೆ. ಇಂಥ ಕಪಟ ನಮ್ಮ ಓಣಿಯಲ್ಲಿ ಯಾರಲ್ಲೂ ಇಲ್ಲ. ಬಸ್ಸು ಗೇಟಿನಲ್ಲಿ ನಿಲ್ಲದಿದ್ದರೆ ಸೊಸೆ ಕಾಲುವೆ ದಂಡೆ ಹಿಡಿದು ಮುಂದಿನ ಊರಿಗೆ ನಡೆಯಬೇಕು. ಮಳೆ ಬಂದರೆ ಎರೆಮಣ್ಣು ಚಪ್ಪಲಿಯನ್ನು ಬಿಡುವುದೇ ಇಲ್ಲ. ಅಷ್ಟರಲ್ಲಿ ಮುಂಜಾನೆಯ ಬಸ್ಸು ಹೋಗಿ, ಇನ್ನೊಂದು ಬರುವ ಹೊತ್ತಿಗೆ ತಡ ಆಗಿಯೇ ಆಗುತ್ತದೆ. ತಡವಾದಷ್ಟು ಪಗಾರ ಕಡಿತ. ಅದನ್ನೂ ನುಂಗಿಕೊಂಡಳು. ಆಮೇಲೆ ಅಲ್ಲಿನ ಸೂಪರ್‌ವೈಸರು ಕರೆದು, ತಿಂಗಳು ಮುಗಿಯುವುದರೊಳಗೆ ಸರಿ ಹೋಗದಿದ್ದರೆ ಮುಂದಿನ ತಿಂಗಳಿಂದ ಬರಬೇಡ ಎಂದನಂತೆ. ನಾನೇನು ಮಾಡಲಪ್ಪ, ಬಸ್ಸೇ ನಿಲ್ಲುವುದಿಲ್ಲ ಎಂದು ಇವಳು ಅಂದದ್ದಕ್ಕೆ, ಮಷೀನು ಬರೆದದ್ದನ್ನು ನನಗೆ ಅಳಿಸಲಿಕ್ಕೆ ಬರುವುದಿಲ್ಲ ಎಂದನಂತೆ.

ಆ ರಾತ್ರಿ ಅವಳು ಯಾವ ಕೂಸಿನ ಮಾತೂ ಹೇಳಲಿಲ್ಲ. ರೊಟ್ಟಿ ಬಡಿಯುತ್ತ, ಇನ್ನು ಗದ್ದೆಗೆ ಹೋಗುವುದೇ ಸೈ ಅತ್ತೆ ಎಂದಳು. ಮರುದಿನವೇ ನಾನು ಹೊರಟೆ.

ಮೊದಲು ಶಹಾಪುರದ ಬಸ್ ಡಿಪೊಕ್ಕೆ ಹೋದೆ. ಅಲ್ಲಿನ ಸಾಹೇಬರು ಒಳ್ಳೆಯವರೇ. ಕುರ್ಚಿ ಕೊಟ್ಟರು, ಚಹಾ ತರಿಸಿದರು. ನಾನು ಹೇಳಿದ್ದನ್ನೆಲ್ಲ ಕೇಳಿ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ರಸ್ತೆ ಹಾವಿನಂತೆ ಬಿದ್ದುಕೊಂಡಿತ್ತು, ಅದರ ಮೇಲೆ ಕೆಂಪು ಚುಕ್ಕೆಗಳು. ನಮ್ಮ ಗೇಟಿನ ಜಾಗದಲ್ಲಿ ಚುಕ್ಕೆ ಇರಲಿಲ್ಲ.

"ಯವ್ವಾ, ನೀವ್ ಹೇಳಾಕತ್ತಿದ್ ಜಾಗಾ ಇದ್ರಾಗ ಇಲ್ರಿ. ಇದ್ರಾಗ ಇಲ್ಲಂದ್ಮ್ಯಾಲ ನಂದೇನೂ ನಡ್ಯಂಗಿಲ್ಲ."

"ಹಂಗಾದ್ರ ನಾ ಎಲ್ಲಿಂದ ಬಂದೀನ್ರೀ ಸಾಹೇಬ್ರ? ಮ್ಯಾಲಿಂದ ಉದುರೀನೇನು?"

ಅವರು ನಕ್ಕರು. ನಗುವ ಮಾತಲ್ಲ ಎಂದೆ. ಯಾದಗಿರಿಯ ದೊಡ್ಡ ಕಚೇರಿಗೆ ಹೋಗಿ, ಚುಕ್ಕೆ ಇಡುವವರು ಅಲ್ಲಿದ್ದಾರೆ ಎಂದರು. ಚಹಾ ಕುಡಿದೇ ಎದ್ದೆ, ಅದನ್ನೇಕೆ ಬಿಡಲಿ?

ಯಾದಗಿರಿಯ ಕಚೇರಿಯಲ್ಲಿ ಮನುಷ್ಯರೊಂದಿಗೆ ಮಾತಾಡುವ ಮೊದಲು ಮಷೀನಿನಿಂದ ಚೀಟಿ ಹರಿದುಕೊಳ್ಳಬೇಕು. ಚೀಟಿ ಹಿಡಿದು ಕೂತೆ. ಗೋಡೆಯ ಮೇಲಿನ ಒಂದು ಹೆಣ್ಣು ಧ್ವನಿ ಪುಸ್ತಕದ ಕನ್ನಡದಲ್ಲಿ ನಂಬರು ಕರೆಯುತ್ತಿತ್ತು. ನನ್ನ ಪಾಳಿ ಬಂದಾಗ ಕಿಟಕಿಯೊಳಗೆ ಒಬ್ಬ ಹೆಣ್ಣುಮಗಳು. ನನ್ನ ಮುಖ ನೋಡದೆ, ದೂರು ಬಾಯಲ್ಲಿ ತೆಗೆದುಕೊಳ್ಳುವುದಿಲ್ಲ, ಫೋನಿನಲ್ಲಿ ಹಾಕಬೇಕು ಎಂದಳು. ನಾನು ಎದುರಿಗೇ ನಿಂತಿದ್ದೇನಲ್ಲವ್ವ ಎಂದೆ. ಎದುರಿಗೆ ನಿಂತವರ ದೂರನ್ನು ಹಾಕಲಿಕ್ಕೆ ಅವಳ ಮಷೀನಿನಲ್ಲಿ ಜಾಗವಿಲ್ಲವಂತೆ.

ಫೋನಿನಲ್ಲಿ ಬರೆಯಲು ಕಲಿತದ್ದು ಹೀಗೆ. ಕಲಿಸಿದವಳು ಸೊಸೆ. ಅವಳು ಹಿಟ್ಟಿನ ಕೈಯಲ್ಲಿ ಅಕ್ಷರ ತೋರಿಸುತ್ತಿದ್ದಳು, ನಾನು ಒತ್ತುತ್ತಿದ್ದೆ. ಫೋನಿನ ತುಂಬ ಜೋಳದ ಹಿಟ್ಟು. ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವಳು ನಾನು, ಅಕ್ಷರ ಬರುತ್ತವೆ. ಆದರೆ ನಾನು ಒಂದು ಒತ್ತಿದರೆ ಅದು ಇನ್ನೊಂದು ಊಹಿಸಿ ತೋರಿಸುತ್ತಿತ್ತು. ಸಿಟ್ಟಿನಿಂದ ಬೈಗುಳ ಬರೆದೆ, ಅದನ್ನು ಮಾತ್ರ ಸರಿಯಾಗಿ ತೋರಿಸಿತು. ಸೊಸೆ ಬಹಳ ದಿನಗಳ ಮೇಲೆ ನಕ್ಕಳು. ಬೈಗುಳ ಅಳಿಸಿ, ನಮ್ಮ ಗೇಟಿನಲ್ಲಿ ಬಸ್ಸು ನಿಲ್ಲಿಸಬೇಕು, ಇಲ್ಲದಿದ್ದರೆ ನನ್ನ ಸೊಸೆಯ ಕೆಲಸ ಹೋಗುತ್ತದೆ ಎಂದಷ್ಟೇ ಬರೆದು ಕಳಿಸಿದೆ. ಎರಡು ದಿನಕ್ಕೆ ಉತ್ತರ ಬಂತು. ನಿಮ್ಮ ದೂರನ್ನು ವಿಲೇವಾರಿ ಮಾಡಲಾಗಿದೆ. ಓಡಿಹೋಗಿ ಗೇಟಿನಲ್ಲಿ ನಿಂತೆ. ಬಸ್ಸು ಧೂಳು ಹಾರಿಸಿಕೊಂಡು ಹೋಯಿತು.

ಮತ್ತೆ ಯಾದಗಿರಿ, ಮತ್ತೆ ಚೀಟಿ, ಮತ್ತೆ ಅದೇ ಹೆಣ್ಣುಮಗಳು. ಈ ಸಲ ನಾನು ಕಿಟಕಿ ಬಿಟ್ಟು ಕದಲಲಿಲ್ಲ. ಹಿಂದಿನವರು ಗೊಣಗಿದರು. ಗೊಣಗಿಕೊಳ್ಳಿ, ಕಾಲು ನೋಯುವುದು ನನಗೆ ಎಂದೆ. ಅವಳಿಗೂ ಬೇಸರ ಬಂದು ಮುಖ ಎತ್ತಿದಳು. ಅಳುವಂತಾಗಿದ್ದ ನನ್ನ ಮುಖ ಕಂಡು ಮೆತ್ತಗಾದಳೋ ಏನೋ, ನಿಜ ಹೇಳಿದಳು. ಚುಕ್ಕೆ ಇಡುವ ಮೊದಲು ಕಚೇರಿಯವರು ಎಲ್ಲ ರಸ್ತೆಗಳಿಗೂ ಮನುಷ್ಯರನ್ನು ಕಳಿಸಿದ್ದರಂತೆ. ನಮ್ಮ ಗೇಟಿಗೂ ಒಬ್ಬ ಬಂದಿದ್ದನಂತೆ. ಅವನು ಕೇಳಿದ್ದಕ್ಕೆ ಊರವರೇ ಹೇಳಿದರಂತೆ, ಈ ಜಾಗಕ್ಕೆ ಯಾರೂ ಬರುವುದಿಲ್ಲ ಎಂದು.

ನಾನು ಹೊರಗೆ ಬಂದು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಶಹಾಪುರದ ಗುಡ್ಡ ಕಿಟಕಿಯಲ್ಲಿ ಕಾಲು ಚಾಚಿ ಮಲಗಿತ್ತು, ಅದರ ಮೇಲೂ ಸಿಟ್ಟು ಬಂತು. ಬಸ್ಸು ನನ್ನನ್ನು ಮುಂದಿನ ಊರಿನಲ್ಲಿ ಇಳಿಸಿತು. ದಂಡೆ ಹಿಡಿದು ನಡೆದು ಬರುವಷ್ಟರಲ್ಲಿ ಕತ್ತಲಾಗಿತ್ತು.

ಕಟ್ಟೆಯ ಮೇಲೆ ಗಂಡಸರು ಕೂತಿದ್ದರು. ಯಾರು ಹಾಗೆ ಹೇಳಿದವರು ಎಂದು ಕೇಳಿದೆ. ಒಬ್ಬ ಕಾಲುವೆಯ ಕಡೆ ನೋಡಿದ, ಇನ್ನೊಬ್ಬ ಬೀಡಿ ಹುಡುಕಿದ. ನಿಧಾನಕ್ಕೆ ಬಾಯಿ ಬಿಟ್ಟರು. ನಮ್ಮ ಕಾಲುವೆ ದಂಡೆಯ ಮೇಲೆ ಜಾಲಿಮುಳ್ಳಿನ ಗುಪ್ಪೆಗಳಿವೆ. ಬೇಲಿಗೆ ತಂದ ಮುಳ್ಳು ಎಂದು ಹೊರಗಿನವರು ತಿಳಿಯುತ್ತಾರೆ. ಮುಳ್ಳಿನ ಕೆಳಗೆ ಪೈಪುಗಳಿರುತ್ತವೆ. ಕೊನೆಯ ಹೊಲಗಳಿಗೆ ಪಾಳಿಯ ನೀರು ಸಾಲುವುದಿಲ್ಲವಲ್ಲ, ಸರಕಾರ ಮುಟ್ಟಬೇಡಿ ಎಂದ ದೊಡ್ಡ ಕಾಲುವೆಯಿಂದಲೇ ಕದ್ದು ಎಳೆದುಕೊಳ್ಳುತ್ತಾರೆ. ಕಾಲುವೆ ಆಫೀಸಿನವರು ಆಗಾಗ ಬಂದು ಪೈಪು ಕಿತ್ತು, ಪಂಪು ಹೊತ್ತೊಯ್ಯುತ್ತಾರೆ. ಹಾಗಾಗಿ ನಮ್ಮ ಊರಿನಲ್ಲಿ ಒಂದು ರೂಢಿ. ಕೈಯಲ್ಲಿ ಮಷೀನು ಹಿಡಿದ ಹೊಸ ಮನುಷ್ಯ ಗೇಟಿನ ಹತ್ತಿರ ನಿಂತು ಏನೇ ಕೇಳಲಿ, ನಾವು ಈ ಕಡೆ ಬರುವುದೇ ಇಲ್ಲ ಎನ್ನಬೇಕು. ಬಸ್ಸಿನ ಕಚೇರಿಯವನು ಕುಂಯ್ ಕುಂಯ್ ಅನ್ನುವ ಮಷೀನು ಹಿಡಿದು ಬಂದು, ದಿನಕ್ಕೆ ಎಷ್ಟು ಮಂದಿ ಇಲ್ಲಿಗೆ ಬರುತ್ತೀರಿ ಎಂದನಂತೆ. ಒಬ್ಬರೂ ಇಲ್ಲ ಎಂದರಂತೆ. ಹಾವಿನ ಕಾಟ, ಸಂಜೆಯ ಮೇಲೆ ನಾಯಿಯೂ ಹಾಯುವುದಿಲ್ಲ ಎಂದು ಬೇರೆ ಸೇರಿಸಿ, ಮಜ್ಜಿಗೆ ಕುಡಿಸಿ ಕಳಿಸಿದರಂತೆ.

ಅವನೊಂದಿಗೆ ಮಾತಾಡಿದವರು ಯಾರು ಎಂದೆ. ಎಲ್ಲರೂ ನಮ್ಮ ಮನೆಯ ಕಡೆ ನೋಡಿದರು.

ನಮ್ಮ ಮನೆಯವರು ಬಾಗಿಲಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದರು. ನಾನು ಕೂಗಾಡಲಿಲ್ಲ. ಅದು ಅವರಿಗೆ ಅಭ್ಯಾಸವಾಗಿದೆ, ಕಿವಿಗೆ ಹೋಗುವುದಿಲ್ಲ. ಯಾದಗಿರಿಗೆ ನಡೆಯಿರಿ, ಸುಳ್ಳು ಹೇಳಿದ್ದೆ ಎಂದು ಹೇಳಿ ಬನ್ನಿ ಎಂದೆ. ಪೈಪಿನ ವಿಷಯ ಹೊರಗೆ ಬಂದರೆ ಊರೆಲ್ಲ ನನ್ನ ಮೇಲೆ ಬೀಳುತ್ತದೆ, ಆಗುವುದಿಲ್ಲ ಎಂದರು. ಸೊಸೆ ಒಳಗೆ ನಿಂತು ಕೇಳುತ್ತಿದ್ದಳು. ಮಾವನ ಎದುರು ಅವಳು ಮಾತಾಡುವವಳಲ್ಲ. ಅವಳ ಪರವಾಗಿಯೂ ನಾನೇ ಸಿಟ್ಟಾದೆ. ಮರುದಿನದಿಂದ ಅವರ ತಾಟಿಗೆ ರೊಟ್ಟಿ ಬೀಳಲಿಲ್ಲ. ಎರಡೂ ಹೊತ್ತು ಅನ್ನ. ನಮ್ಮ ಕಡೆಯವರಿಗೆ ರೊಟ್ಟಿ ಇಲ್ಲದ ಊಟವೆಂದರೆ ಜ್ವರ ಬಂದವರ ಊಟ. ಕಾಲುವೆ ಮೇಲೆ ಅಷ್ಟು ಪ್ರೀತಿ ಇದ್ದರೆ ಕಾಲುವೆ ಕೊಟ್ಟ ಅಕ್ಕಿಯನ್ನೇ ತಿನ್ನಲಿ ಎಂದೆ. ತಿಂದರು, ಆದರೆ ಯಾದಗಿರಿಗೆ ಹೋಗಲಿಲ್ಲ.

ತಿಂಗಳು ಮುಗಿಯುತ್ತ ಬಂದಿತ್ತು. ನನ್ನ ಹತ್ತಿರ ಉಳಿದದ್ದು ನಾಲ್ಕು ಎಮ್ಮೆ.

ಎಮ್ಮೆಗಳನ್ನು ಮೈ ತೊಳೆಯಲು ಮಧ್ಯಾಹ್ನ ಕಾಲುವೆಗೆ ಹೊಡೆಯುತ್ತಿದ್ದೆವು. ನಾನು ಮುಂಜಾನೆಯ ಬಸ್ಸಿನ ಹೊತ್ತಿಗೆ ಹೊಡೆದೆ. ರಸ್ತೆ ದಾಟಿಯೇ ಹೋಗಬೇಕಲ್ಲ. ಬಸ್ಸು ತಿರುವಿನಲ್ಲಿ ಕಂಡ ಕೂಡಲೇ ಮುಂದಿನ ಎಮ್ಮೆಯನ್ನು ರಸ್ತೆಗೆ ಇಳಿಸಿದೆ. ಎಮ್ಮೆಗೆ ಅವಸರ ಗೊತ್ತಿಲ್ಲ. ನಡುವೆ ನಿಂತು, ಬಸ್ಸನ್ನು ನೋಡಿ, ಸಗಣಿ ಹಾಕಿ, ಯೋಚನೆ ಮಾಡಿ ಆಮೇಲೆ ಹೆಜ್ಜೆ ಇಡುತ್ತದೆ. ಡ್ರೈವರು ಹಾರ್ನು ಒತ್ತಿದ. ಎಮ್ಮೆ ಕಿವಿ ಅಲ್ಲಾಡಿಸಿತು. ಬಸ್ಸು ನಿಂತಿತು. ಸೊಸೆ ಸೀರೆಯ ನೆರಿಗೆ ಹಿಡಿದು ಓಡಿಹೋಗಿ ಹತ್ತಿದಳು.

ಆ ಬಸ್ಸಿನ ಕಂಡಕ್ಟರು ವಡಗೇರಾ ಕಡೆಯವನು, ಮೊದಲ ದಿನ ಬೈದ. ಎರಡನೆಯ ದಿನ ಕಿಟಕಿಯಿಂದ ತಲೆ ಹೊರಹಾಕಿ ನಕ್ಕ. ಆಮೇಲೆ ನಾನು ತಡ ಮಾಡಿದರೆ ಅವನೇ ಸುಮ್ಮನಿರುತ್ತಿರಲಿಲ್ಲ.

"ಯಾಕ್ ಬೇ ಮುದುಕಿ, ಇವತ್ತ ಎಮ್ಮಿ ರಜಾ ಹಾಕ್ಯಾವೇನು? ಜಲ್ದಿ ಹೊಡಿ, ಇಲ್ಲಂದ್ರ ನಿಂದ್ರಿಸ್ಲಾಕ ನಂಗ ನೆಪ ಸಿಗಂಗಿಲ್ಲ."

ಪಾಪ, ಅವನಿಗೂ ನಿಲ್ಲಿಸುವ ಮನಸ್ಸಿತ್ತು. ನೋಟೀಸಿನ ಭಯವಿತ್ತು. ಎಮ್ಮೆ ಅಡ್ಡ ಬಂದರೆ ನೋಟೀಸಿಲ್ಲ. ಇದೊಂದು ವಿಚಿತ್ರ ನೋಡಿ: ಮನುಷ್ಯರು ಕೈ ಎತ್ತಿ ನಿಂತರೆ ಬಸ್ಸು ನಿಲ್ಲಿಸುವುದು ತಪ್ಪು, ಎಮ್ಮೆ ನಿಂತರೆ ತಪ್ಪಲ್ಲ. ವಾರದೊಳಗೆ ಎಮ್ಮೆಗಳಿಗೆ ರೂಢಿಯಾಗಿ, ನಾನು ಹಗ್ಗ ಬಿಚ್ಚಿದರೆ ಸಾಕು, ಅವೇ ಆ ಹೊತ್ತಿಗೆ ಹೊರಡತೊಡಗಿದವು. ಸೊಸೆ ಹೊತ್ತಿಗೆ ಸರಿಯಾಗಿ ಮುಖ ತೋರಿಸತೊಡಗಿದಳು. ಆದರೂ ಅವಳಿಗೆ ಧೈರ್ಯವಿರಲಿಲ್ಲ. ಎಮ್ಮೆಯನ್ನು ನಂಬಿ ಕೆಲಸ ಎಷ್ಟು ದಿನ ಉಳಿಯುತ್ತದೆ ಅತ್ತೆ, ಒಂದು ದಿನ ಬಸ್ಸು ಮೊದಲೇ ದಾಟಿಬಿಟ್ಟರೆ ಎನ್ನುತ್ತಿದ್ದಳು.

ಒಂದು ಮುಂಜಾನೆ ಬಸ್ಸಿಗಿಂತ ಮುಂಚೆ ಜೀಪು ಬಂತು. ಇಳಿದವರು ಯಾದಗಿರಿ ಕಚೇರಿಯ ಬೇರೊಬ್ಬ ಸಾಹೇಬರು, ಕಕ್ಕೇರಾ ಕಡೆಯವರಂತೆ. ಬಸ್ಸು ದಿನಾ ಚುಕ್ಕೆ ಇಲ್ಲದ ಜಾಗದಲ್ಲಿ ನಿಲ್ಲುವುದು ಅವರಿಗೆ ಕಂಪ್ಯೂಟರಿನಲ್ಲಿ ಕಂಡಿತ್ತು. ಡ್ರೈವರು ಕದ್ದು ಏನೋ ಇಳಿಸುತ್ತಿದ್ದಾನೆ ಎಂದು ಹಿಡಿಯಲು ಬಂದಿದ್ದರು. ಅವರಿಗೆ ಸಿಕ್ಕವರು ನಾನು, ಸೊಸೆ ಮತ್ತು ನಾಲ್ಕು ಎಮ್ಮೆ. ನಾನು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಅವರ ಮುಂದೆ ಸುರಿದೆ. ದಂಡೆಯ ಮೇಲೆ ಊರ ಗಂಡಸರು ಬಂದು ಕೂಡಿದರು, ನಮ್ಮ ಮನೆಯವರೂ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಂದರು. ಸಾಹೇಬರು ಕೈಯಲ್ಲಿ ಮಷೀನು ಹಿಡಿದೇ ಕೇಳಿದರು, ಇಲ್ಲಿಗೆ ದಿನಾ ಮಂದಿ ಬರುವುದು ನಿಜವೇ ಎಂದು.

ಎಲ್ಲರ ಕಣ್ಣು ಮುಳ್ಳಿನ ಗುಪ್ಪೆಯ ಮೇಲೆ. ಎಲ್ಲಕ್ಕಿಂತ ದೊಡ್ಡ ಗುಪ್ಪೆ ನಮ್ಮದೇ. ನಾನು ನಮ್ಮ ಮನೆಯವರನ್ನು ನೋಡಿದೆ. ಅವರು ಸೊಸೆಯನ್ನು ನೋಡಿದರು. ಅವಳು ತಲೆ ತಗ್ಗಿಸಿ ಚಪ್ಪಲಿಯ ಕೆಸರನ್ನು ಕಲ್ಲಿಗೆ ಒರೆಸುತ್ತಿದ್ದಳು. ದವಾಖಾನೆಗೆ ಕೆಸರಿನ ಕಾಲಲ್ಲಿ ಹೋಗಬಾರದು ಎಂದು ದಿನಾ ಹಾಗೆ ಒರೆಸುತ್ತಾಳೆ. ನಮ್ಮ ಮನೆಯವರು ಟವೆಲ್ಲನ್ನು ಹೆಗಲಿನಿಂದ ತೆಗೆದರು.

"ಬರ್ತೀವ್ರಿ. ದಿನಾ ಬರ್ತೀವಿ. ಹಿಂದಕ್ಕ ಇಲ್ಲ ಅಂತ ಹೇಳ್ದಂವ ನಾನೇ. ಕಾಲುವಿ ಆಫೀಸ್‌ನಂವ ಬಂದಾನಂತ ತಿಳ್ಕೊಂಡು ಸುಳ್ಳ ಹೇಳಿದ್ನಿ. ನಮ್ ಸೊಸಿ ಕೆಲಸ ಹೋಗಾಕತ್ತದ್ರಿ. ಏನ್ ಬರ್ಕೋತೀರಿ ಬರ್ಕೋರಿ."

ಸಾಹೇಬರು ಮುಳ್ಳಿನ ಗುಪ್ಪೆಯನ್ನೂ ನೋಡಿದರು, ನಮ್ಮ ಮುಖಗಳನ್ನೂ ನೋಡಿದರು. ಅದು ತಮ್ಮ ಇಲಾಖೆಯದ್ದಲ್ಲ ಎಂದಷ್ಟೇ ಹೇಳಿ, ಗೇಟಿನ ಪಕ್ಕ ನಿಂತು ಮಷೀನು ಒತ್ತಿದರು. ಕುಂಯ್ ಎಂದಿತು, ಚುಕ್ಕೆ ಕೂತಿತು. ಅಷ್ಟೇ. ನನ್ನ ಸೊಸೆಯನ್ನು ತಿಂಗಳುಗಟ್ಟಲೆ ಕೆಸರಿನಲ್ಲಿ ನಡೆಸಿದ ತೊಂದರೆ ತೀರಲು ಬೇಕಾಗಿದ್ದದ್ದು ಆ ಒಂದು ಸದ್ದು. ಅದನ್ನು ನೆನೆದರೆ ಈಗಲೂ ನನ್ನ ಬೆರಳು ತಪ್ಪು ಅಕ್ಷರ ಒತ್ತುತ್ತದೆ.

ಅವತ್ತು ರಾತ್ರಿ ನಮ್ಮ ಮನೆಯವರ ತಾಟಿಗೆ ಬಿಸಿ ರೊಟ್ಟಿ ಹಾಕಿದೆ. ಬೆಣ್ಣೆ ಹಾಕಲಿಲ್ಲ. ಇನ್ನೂ ಸ್ವಲ್ಪ ಸಿಟ್ಟಿತ್ತು.

ತಿಂಗಳು ಮುಗಿಯಿತು. ಸೊಸೆಯನ್ನು ದವಾಖಾನೆಯವರು ಕೆಲಸದಿಂದ ಬಿಡಿಸಲಿಲ್ಲ. ಕಡಿದ ಪಗಾರ ಮಾತ್ರ ವಾಪಸು ಬರಲಿಲ್ಲ, ಬಸ್ಸು ನಿಲ್ಲಿಸದ ತಪ್ಪಿಗೆ ಅವಳದೇ ದಂಡ. ಆ ಬಗ್ಗೆ ಕೇಳಿದರೆ ಮಷೀನಿನಲ್ಲಿ ಹಾಗೇ ಇದೆ ಎನ್ನುತ್ತಾರೆ. ಅದಕ್ಕೂ ಒಂದು ದೂರು ಬರೆದು ಇಟ್ಟಿದ್ದೇನೆ. ಈ ಸಲ ಬೈಗುಳ ಅಳಿಸಿಲ್ಲ.

ಗೇಟಿನಲ್ಲಿ ಬಸ್ಸು ಹಕ್ಕಿನಿಂದ ನಿಂತ ಮೊದಲ ಮುಂಜಾನೆ ಅದೇ ಸಾಹೇಬರು ಬಸ್ಸಿನಲ್ಲಿ ಬಂದಿದ್ದರು, ಚುಕ್ಕೆ ಸರಿಯಾಗಿ ಕೂತಿದೆಯೋ ಎಂದು ನೋಡಲು. ಸೊಸೆ ಹತ್ತಿದಳು. ಕಂಡಕ್ಟರನ ಮಷೀನು ಗೇಟಿನ ಹೆಸರಿನ ಚೀಟಿ ಕೊಟ್ಟಿತು, ಅವಳು ಅದನ್ನು ಕಿಟಕಿಯಿಂದ ನನಗೆ ತೋರಿಸಿದಳು. ಎಮ್ಮೆಗಳೂ ಎಂದಿನಂತೆ ಬಂದು ರಸ್ತೆಯ ಅಂಚಿನಲ್ಲಿ ನಿಂತಿದ್ದವು. ಅವಕ್ಕೆ ಯಾರು ಹೇಳಬೇಕು, ಇನ್ನು ಅಡ್ಡ ನಿಲ್ಲುವುದು ಬೇಡ ಎಂದು? ನನಗೆ ಖುಷಿಯಾಗಬೇಕಿತ್ತು. ಸಾಹೇಬರ ಮುಖ ಕಂಡು ಮತ್ತೆ ಸಿಟ್ಟೇ ಬಂತು.

"ಸಾಹೇಬ್ರ, ನಿಮ್ಮ ಕಚೇರಿಗಿ ಎರಡ ಸಲ ಬಂದು ಬಾಯಿ ಬಡ್ಕೊಂಡೀನಿ. ಬೆರಳ ನೋಯೂತನ ಫೋನಿನಾಗ ಬರದೀನಿ. ನನ್ನ ಮಾತ್ ಒಬ್ರೂ ನಂಬ್ಲಿಲ್ಲ. ಎಮ್ಮಿ ಅಡ್ಡ ನಿಂತ್ರ ಜೀಪ್ ತಗೊಂಡು ಓಡಿ ಬಂದೀರಿ. ನಿಮಗ ಮನಷ್ಯಾರಿಗಿಂತ ಎಮ್ಮಿ ಮ್ಯಾಲೇ ನಂಬಿಗಿ ಏನ್ರಿ?"

ಅವರು ಬಸ್ಸಿನ ಮೆಟ್ಟಿಲ ಮೇಲೆ ನಿಂತು, ದಂಡೆಯ ಮೇಲಿದ್ದ ನಮ್ಮ ಮನೆಯವರ ಕಡೆ ಒಮ್ಮೆ ನೋಡಿ ನನಗೆ ಹೇಳಿದರು:

"ಯವ್ವಾ, ನಿಮ್ಮ ಎಮ್ಮಿ ದಿನಾ ಒಂದೇ ಹೊತ್ತಿಗಿ ಒಂದೇ ಜಾಗಾಕ್ಕ ಬಂದಾವ. ನಿಮ್ಮೂರ ಮಂದಿ ಒಮ್ಮಿ ಯಾರೂ ಬರಂಗಿಲ್ಲ ಅಂತೀರಿ, ಒಮ್ಮಿ ಎಲ್ಲಾರೂ ಬರ್ತೀವಿ ಅಂತೀರಿ. ನೀವೇ ಹೇಳ್ರಿ, ನಾವ್ ಯಾರನ್ನ ನಂಬಬೇಕಿತ್ತು?"